ಬೆಳ್ಳಿಯ ಕಾಲಿಗೆ ಎಣ್ಣೆ

ಸೆಪ್ಟೆಂಬರ್ 9, ಸೋಮವಾರ

ಕೊನೆಗೂ ಅಕ್ಕಸಾಲಿ ಆಚಾರ್ರು ಬೆಳ್ಳಿಯ ಕಾಲು ಮುಗಿಸಿ ಕೊಟ್ಟರು. ಗೇಣುದ್ದದ ಬಲಗಾಲು, ಮೊಣಕಾಲಿನಿಂದ ಬೆರಳಿನವರೆಗೆ, ಅಪ್ಪಟ ಬೆಳ್ಳಿ. ಸ್ವಲ್ಪ ತಾಮ್ರ ಬೆರೆಸಿದರೆ ಗಟ್ಟಿಯಾಗುತ್ತದೆ ಅಂತ ಅವರು ಒಂದು ವಾರ ರಾಗ ಎಳೆದರು. ದೇವರಿಗೆ ಕೊಡುವುದರಲ್ಲಿ ಬೆರಕೆ ಬೇಡ ಅಂದೆ. ಹಾಗಾದರೆ ಮೆತ್ತಗಿರುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ, ಜಾಗ್ರತೆ ಅಂತ ನನಗೇ ಪಾಠ ಹೇಳಿ ಕಳಿಸಿದರು. ಐವತ್ತು ವರ್ಷದಿಂದ ಬೆಳ್ಳಿ ಸಾಮಾನು ತೊಳೆದವಳಿಗೆ.

ಹರಕೆ ನನ್ನದು, ಕಾಲು ನನ್ನ ಗಂಡನದು. ಕಳೆದ ಜೂನ್‌ನಲ್ಲಿ ಕಂಕನಾಡಿಯ ನಮ್ಮ ಹೋಟೆಲಿನ ಅಡುಗೆಕೋಣೆಯಲ್ಲಿ, ಚೆಲ್ಲಿದ ಸಾಂಬಾರಿನ ಮೇಲೆ ಕಾಲಿಟ್ಟು ಬಿದ್ದರು. ನೆಲ ಒರೆಸಲಿಲ್ಲ ಅಂತ ಕೆಲಸದವರಿಗೆ ಬೈಯಲು ಹೋದವರು, ಬೈಯುವ ಮೊದಲೇ ಬಿದ್ದದ್ದು. ಊರಿಗೆಲ್ಲ ಚಿತ್ತರಂಜನ ಸಾಹುಕಾರರು ಮೆಟ್ಟಿಲಿನಿಂದ ಜಾರಿದರು ಅಂತ ಸುದ್ದಿ. ಮೆಟ್ಟಿಲಿಗೆ ಇರುವ ಮರ್ಯಾದೆ ಸಾಂಬಾರಿಗೆ ಇಲ್ಲವಲ್ಲ.

ಕಾಲಿನೊಳಗೆ ರಾಡು ಹಾಕಿದ ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತು ಹೇಳಿಕೊಂಡೆ. ಇವರು ಎದ್ದು ನಡೆದರೆ ನನ್ನ ತವರೂರಿನ ದೇವಸ್ಥಾನಕ್ಕೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಅಂತ. ಈಗ ನಡೆಯುತ್ತಾರೆ, ಅದೂ ನನ್ನ ಮಾತು ಕೇಳದೆ ನಡೆಯುವಷ್ಟು. ಅಕ್ಟೋಬರ್ ಹದಿನೇಳು ತುಲಾ ಸಂಕ್ರಮಣ. ಅವತ್ತು ಒಪ್ಪಿಸುವುದು ಅಂತ ದೇವಸ್ಥಾನದ ಭಟ್ರಿಗೆ ಹೇಳಿಯಾಗಿದೆ. ಅಲ್ಲಿಯವರೆಗೆ ಕಾಲು ದೇವರ ಕೋಣೆಯಲ್ಲಿ ಇರುತ್ತದೆ. ಶುದ್ಧದಲ್ಲಿ ಇರಬೇಕಾದ ವಸ್ತು, ಯಾರೂ ಮುಟ್ಟಬಾರದು ಅಂತ ಎಲ್ಲರಿಗೂ ಹೇಳಿದ್ದೇನೆ. ಈ ಮನೆಯಲ್ಲಿ ನನ್ನ ಮಾತು ಕೇಳುವುದು ಮಿಕ್ಸಿ ಒಂದೇ, ಅದೂ ತಲೆಗೆ ಎರಡು ಬಡಿದರೆ.

ಸೆಪ್ಟೆಂಬರ್ 14, ಶನಿವಾರ

ಬೆಳ್ಳಿಗೆ ಎಣ್ಣೆ ಮೆತ್ತಿದೆ.

ಸಂಜೆ ದೀಪ ಇಡಲು ಹೋದಾಗ ಕಂಡೆ. ಪಾದದಿಂದ ಮೊಣಕಾಲಿನವರೆಗೆ ಜಿಡ್ಡು, ಬೆರಳುಗಳ ಸಂದಿಯಲ್ಲಿ ನಿಂತಿದೆ. ದೀಪದಿಂದ ಸಿಡಿದಿರಬಹುದು ಅಂತ ಇವರು ಹೇಳಿದರು. ದೀಪ ಇರುವುದು ಈ ಮೂಲೆ, ಕಾಲು ಇರುವುದು ಆ ಮೂಲೆ. ಎಣ್ಣೆಗೆ ರೆಕ್ಕೆ ಬಂದದ್ದು ನಾನು ಇದುವರೆಗೆ ನೋಡಿಲ್ಲ.

ನನಗೆ ಸಂಶಯ ಆಶಾಲತಾಳ ಮೇಲೆ. ಮನೆಕೆಲಸಕ್ಕೆ ಪಡೀಲಿನಿಂದ ಬರುವವಳು. ಅವಳು ತಲೆಗೆ ಸುರಿದುಕೊಳ್ಳುವ ಎಣ್ಣೆಯಲ್ಲಿ ನಮ್ಮ ಹೋಟೆಲಿನ ಒಂದು ಹೊತ್ತಿನ ಬನ್ಸ್ ಕರಿಯಬಹುದು.

ಭಸ್ಮ ಹಾಕಿ ಉಜ್ಜಿದೆ. ಬೆಳ್ಳಿಗೆ ನಾವು ಹಿಂದಿನಿಂದ ಹಾಕುವುದು ಅದನ್ನೇ. ಭಸ್ಮ ಎಣ್ಣೆ ಕುಡಿದು ಗಾರೆಯ ಹಾಗೆ ಬೆರಳುಗಳ ಸಂದಿಯಲ್ಲಿ ಕೂತುಬಿಟ್ಟಿತು. ಕಡ್ಡಿಯಿಂದ ತೆಗೆಯಲು ಹೋಗಿ ಹಿಮ್ಮಡಿಯ ಮೇಲೆ ಒಂದು ಗೀರು ಬಿತ್ತು. ಆಚಾರ್ರಿಗೆ ಇದು ತಿಳಿಯುವ ಅಗತ್ಯ ಇಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಮತ್ತೆ ಎಣ್ಣೆ.

ಮೊನ್ನೆಯ ಗಾರೆಯನ್ನು ತೆಗೆದುಕೊಟ್ಟದ್ದು ಸೊಸೆ ಸಂಚಿತಾ. ಬ್ಯಾಂಕಿನಲ್ಲಿ ಕೆಲಸ. ಅಕ್ಕಿ ತೊಳೆಯುವುದಕ್ಕೂ ಫೋನಿನಲ್ಲಿ ದಾರಿ ಹುಡುಕುವ ಹುಡುಗಿ. ಜಿಡ್ಡಿನ ಮೇಲೆ ಪುಡಿ ಹಾಕಿ ಉಜ್ಜಿದರೆ ಜಿಡ್ಡೂ ಹೋಗುವುದಿಲ್ಲ, ಬೆಳ್ಳಿಯೂ ಉಳಿಯುವುದಿಲ್ಲವಂತೆ. ಟೂತ್‌ಪೇಸ್ಟ್ ಕೂಡದು, ಹುಳಿ ಕೂಡದು. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಎರಡು ತೊಟ್ಟು ಬಿಸಿನೀರಿಗೆ ಹಾಕಿ ಕಾಲನ್ನು ಸ್ವಲ್ಪ ಹೊತ್ತು ಮುಳುಗಿಸಿಟ್ಟಳು. ಮಕ್ಕಳ ಬ್ರಷ್ಷಿನಿಂದ ಬೆರಳುಗಳ ನಡುವೆ ಮೆಲ್ಲ ತಿಕ್ಕಿ, ತೊಳೆದು, ಹಳೆಯ ಬನಿಯನ್ ಬಟ್ಟೆಯಿಂದ ಒತ್ತಿ ಒರೆಸಿ, ಕೊನೆಗೆ ಹತ್ತಿಗೆ ಸ್ಪಿರಿಟ್ ಹಾಕಿ ಸವರಿದಳು. ಜಿಡ್ಡು ಪೂರ್ತಿ ಹೋಯಿತು. ಚೆನ್ನಾಯಿತು ಅಂತ ನಾನು ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಮೀನು ಸಾರು ಮಾಡುವುದನ್ನೂ ಫೋನು ನೋಡಿ ನನಗೆ ಕಲಿಸುತ್ತಾಳೆ.

ಇವತ್ತು ಪುನಃ ಅದೇ ಎಣ್ಣೆ ಕಂಡಾಗ ಆಶಾಲತಾಳನ್ನು ನೇರ ಕೇಳಿದೆ. ಅವಳು ಗುಡಿಸುತ್ತಿದ್ದ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಹೊರಟುಹೋದಳು. ಮಹಾರಾಣಿ.

ಸೆಪ್ಟೆಂಬರ್ 18, ಬುಧವಾರ

ಆಶಾಲತಾ ಬರಲಿಲ್ಲ. ಎಣ್ಣೆ ಬಂದಿದೆ.

ಸೆಪ್ಟೆಂಬರ್ 21, ಶನಿವಾರ

ಇವತ್ತು ತೊಳೆಯುವ ಮೊದಲು ಮೂಸಿ ನೋಡಿದೆ. ತೆಂಗಿನೆಣ್ಣೆ ಅಲ್ಲ. ಆಯುರ್ವೇದದ ಅಂಗಡಿಯ ವಾಸನೆ, ವಾತಕ್ಕೆ ಹಚ್ಚುವ ತೈಲ. ಅಲ್ಲಿಗೆ ಆಶಾಲತಾ ಕೇಸು ಮುಗಿಯಿತು. ಹೋಗಲಿ, ಪಾತ್ರೆ ತೊಳೆದು ನನ್ನ ಸೊಂಟ ಹೋದರೂ ಅವಳನ್ನು ನಾನಾಗಿ ಕರೆಯುವುದಿಲ್ಲ.

ಮನೆಯಲ್ಲಿ ಕಾಲುನೋವಿನ ಮನುಷ್ಯ ಒಬ್ಬರೇ. ನೀವು ತೈಲ ಹಚ್ಚುತ್ತೀರಾ ಅಂತ ಕೇಳಿದೆ. ಹೌದು, ಹಚ್ಚಿದ ಕೈಯಲ್ಲಿ ಮುಟ್ಟಿ ನಮಸ್ಕಾರ ಮಾಡಿದ್ದು, ಮರೆತೆ ಅಂದರು. ತುಂಬ ಸಲೀಸಾಗಿ ಅಂದರು. ನನ್ನ ಗಂಡ ಸತ್ಯ ಹೇಳುವಾಗ ತೊದಲುತ್ತಾರೆ. ಅವರು ಮಧ್ಯಾಹ್ನ ಮಲಗಿದ್ದಾಗ ಪಂಚೆ ಸರಿಸಿ ಕಾಲು ನೋಡಿದೆ. ಒಣಗಿ ಬಿಳಿ ಹೊಟ್ಟು ಏಳುತ್ತಿದೆ. ಒಂದು ತೊಟ್ಟು ಎಣ್ಣೆ ಕಾಣದ ಕಾಲು.

ಇನ್ನೊಂದು ವಿಷಯ. ಡಾಕ್ಟರು ವಾಕಿಂಗ್ ಮಾಡಲು ಹೇಳಿದ್ದಾರೆ ಅಂತ ದಿನಾ ನಾಲ್ಕು ಗಂಟೆಗೆ ಕೈಚೀಲ ಹಿಡಿದು ಹೊರಡುತ್ತಾರೆ. ಗೇಟಿನ ಹತ್ತಿರ ಅರಾಫತ್‌ನ ರಿಕ್ಷಾ ನಿಂತಿರುತ್ತದೆ. ವಾಕಿಂಗಿಗೆ ರಿಕ್ಷಾದಲ್ಲಿ ಹೋಗುವ ಮನುಷ್ಯನನ್ನು ಇಷ್ಟು ದಿನ ನೋಡಿಯೂ ಸುಮ್ಮನಿದ್ದ ನನಗೆ ಯಾರಾದರೂ ಬೈಯಬೇಕಿತ್ತು.

ಸೆಪ್ಟೆಂಬರ್ 24, ಮಂಗಳವಾರ

ಸೀರೆ ಕೂಡ ಬದಲಿಸದೆ ಬರೆಯಲು ಕೂತಿದ್ದೇನೆ.

ಇವರನ್ನು ಬಿಟ್ಟು ವಾಪಸು ಬರುತ್ತಿದ್ದ ಅರಾಫತ್‌ನನ್ನು ಗೇಟಿನಲ್ಲಿ ನಿಲ್ಲಿಸಿ ಕೇಳಿದೆ. ಅವನು ಹ್ಯಾಂಡಲನ್ನೇ ನೋಡುತ್ತ ಹೇಳಿದ: "ಎಲ್ಲಿಗೆ ಅಂತ ಹೇಳುದಿಲ್ಲ ಅಂತ ಸಾಹುಕಾರ್ರಿಗೆ ಮಾತು ಕೊಟ್ಟಿದ್ದೇನೆ ಅಕ್ಕ. ನೀವು ಹತ್ತಿದ್ರೆ ಕರ್ಕೊಂಡು ಹೋಗುದಿಲ್ಲ ಅಂತ ಮಾತು ಕೊಡ್ಲಿಲ್ಲ." ಹತ್ತಿದೆ.

ರಿಕ್ಷಾ ನಿಂತದ್ದು ಪಡೀಲಿನಲ್ಲಿ, ಜಯಪಾಲ ಭಾವನ ಮನೆಯ ಮುಂದೆ.

ಆ ಮನುಷ್ಯ ಇವರ ಅಣ್ಣ. ಅತ್ತೆ ತೀರಿಕೊಂಡಾಗ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಊರಿನ ಜನವೆಲ್ಲ ಎಲೆಯ ಮುಂದೆ ಕೂತಿದ್ದಾಗ, ಎದ್ದು ನಿಂತು ಹೇಳಿದ್ದರು: "ಇವಳ ಕೈಯ ಊಟ ನನಗೆ ಬೇಡ. ಅಮ್ಮನಿಗೆ ಹೊಟ್ಟೆಗೆ ಕೊಡದೆ ಕೊಂದವಳು ಇವಳು." ಅತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಹೇಳಿದಷ್ಟೇ ಬಡಿಸುತ್ತಿದ್ದೆ, ಮಗುವಿಗೆ ಕೊಟ್ಟ ಹಾಗೆ ತುತ್ತು ಕೊಡುತ್ತಿದ್ದೆ. ತಿಂಗಳಿಗೊಮ್ಮೆ ಬಂದು ಹೋಗುವ ದೊಡ್ಡ ಮಗನಿಗೆ ಅತ್ತೆ ಏನು ದೂರು ಹೇಳಿದ್ದರೋ. ಅವತ್ತಿನ ಮೇಲೆ ಆ ಮನೆಯ ಹೊಸ್ತಿಲು ತುಳಿಯಬಾರದು ಅಂತ ಇವರಿಂದ ಪ್ರಮಾಣ ಮಾಡಿಸಿದ್ದೆ. ಹನ್ನೆರಡು ವರ್ಷ ಆಯಿತು. ಭಾವನ ಹೆಂಡತಿ ತೀರಿಕೊಂಡಾಗಲೂ ನಾವು ಹೋಗಿರಲಿಲ್ಲ.

ಕಿಟಕಿಯಿಂದ ನೋಡಿದೆ. ಭಾವ ಮಂಚದ ಮೇಲೆ ಕೂತಿದ್ದರು, ಬಾಯಿ ಒಂದು ಬದಿಗೆ ವಾಲಿತ್ತು. ಅವರ ಬಲಗಾಲು ನೆಲದ ಮೇಲೆ ಕೂತ ನನ್ನ ಗಂಡನ ತೊಡೆಯ ಮೇಲಿತ್ತು. ಇವರು ತೈಲ ಹಚ್ಚಿ ಉಜ್ಜುತ್ತಿದ್ದರು. ಮನೆಯಲ್ಲಿ ತಾನು ಕುಡಿದ ಲೋಟ ಎತ್ತಿಡದ ಮನುಷ್ಯ. ಉಜ್ಜಿ ಮುಗಿದ ಮೇಲೆ ಚೀಲದಿಂದ ನನ್ನ ಬೆಳ್ಳಿಯ ಕಾಲು ತೆಗೆದು, ಆ ಕಾಲಿನ ಮೊಣಕಾಲಿಗೆ, ಮೀನಖಂಡಕ್ಕೆ, ಒಂದೊಂದೇ ಬೆರಳಿಗೆ ಮುಟ್ಟಿಸುತ್ತ ಬಂದರು. ತುಟಿ ಅಲ್ಲಾಡುತ್ತಿತ್ತು.

ನಾನು ಒಳಗೆ ಹೋದೆ. ಇವರ ಮುಖ ಬಿಳುಚಿತು. ಭಾವ ನನ್ನನ್ನು ನೋಡಿ, ಬಾಯಿ ತಿರುಗಿಸಲು ಕಷ್ಟಪಟ್ಟು, "ವಣಸ್ ಆಂಡಾ?" ಅಂದರು. ಊಟ ಆಯಿತಾ ಅಂತ.

ಗೇಲಿ ಮಾಡಿದ್ದು ಅಂತಲೇ ತಿಳಿದೆ. ಆಮೇಲೆ ಇವರು ತೊದಲುತ್ತ ಹೇಳಿದರು. ಜುಲೈಯಲ್ಲಿ ಪಕ್ಷವಾತ ಬಡಿದು ಬಲಭಾಗ ಹೋಗಿದೆ, ಮಾತೂ ಹೋಗಿದೆ, ಉಳಿದಿರುವುದು ಇದೊಂದೇ ಮಾತು. ನೀರು ಬೇಕಾದರೂ ಅದೇ, ಮೂತ್ರಕ್ಕೆ ಹೋಗಬೇಕಾದರೂ ಅದೇ. ಇವರು ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗುತ್ತಿದ್ದಾಗ ಆ ಕೋಣೆಯಲ್ಲೇ ಅಣ್ಣನನ್ನು ಕಂಡದ್ದಂತೆ. ಭಾವ ದೂರದಿಂದಲೇ ಊಟ ಆಯಿತಾ ಅಂತ ಕೇಳಿದರಂತೆ.

ಆ ಹೊಲಸು ಮಾತು ಆಡಿದ ಬಾಯಿಗೆ ಉಳಿದದ್ದು ಇದು. ನಾನು ಬೆಳ್ಳಿಯ ಕಾಲನ್ನು ಕಿತ್ತುಕೊಂಡು ಅದೇ ರಿಕ್ಷಾದಲ್ಲಿ ವಾಪಸು ಬಂದೆ. ಸೀರೆಗೆಲ್ಲ ತೈಲ.

ಸೆಪ್ಟೆಂಬರ್ 25, ಬುಧವಾರ

ತೊಳೆದು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ.

ಸೆಪ್ಟೆಂಬರ್ 28, ಶನಿವಾರ

ಇವರು ದಿನಾ ನಾಲ್ಕಕ್ಕೆ ಹೋಗುತ್ತಲೇ ಇದ್ದಾರೆ, ಖಾಲಿ ಕೈಯಲ್ಲಿ. ಈಗ ವಾಕಿಂಗ್ ಅಂತಲೂ ಹೇಳುವುದಿಲ್ಲ. ಪ್ರಮಾಣ ಮುರಿದವರಿಗೆ ನಾಚಿಕೆಯೇ ಇಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ನಾನೇ ಕೇಳಿದೆ. ಎಣ್ಣೆ ಹಚ್ಚುವುದಾದರೆ ಹಚ್ಚಿ ಸಾಯಿರಿ, ದೇವರ ವಸ್ತುವನ್ನು ಯಾಕೆ ಕೊಂಡುಹೋದದ್ದು ಅಂತ. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ನನಗೆ ಹರಕೆ ಹೇಳಿಕೊಳ್ಳಲಿಕ್ಕೆ ನೀನು ಇದ್ದಿ ಕುಶಲಾ. ಅಣ್ಣನಿಗೆ ಹೇಳಿಕೊಳ್ಳುವವರು ಯಾರೂ ಇಲ್ಲ. ಒಮ್ಮೆ ಮುಟ್ಟಿಸಿ ನೋಡುವ ಅಂತ ಕೊಂಡುಹೋದೆ. ಮತ್ತೆ ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ."

ನೀವೇ ಹೇಳಿಕೊಳ್ಳಬಹುದಿತ್ತಲ್ಲ ಅಂದೆ.

"ನಾನು ಹೇಳಿಕೊಂಡದ್ದು ಇಷ್ಟರವರೆಗೆ ಒಂದಾದ್ರೂ ಆದದ್ದುಂಟಾ?"

ಅದು ನಿಜ. ಹೋಟೆಲಿಗೆ ಎರಡನೇ ಬ್ರಾಂಚ್ ಆಗಲಿ ಅಂತ ಹೇಳಿಕೊಂಡು ಇದ್ದದ್ದರ ಹಂಚಿನ ಮಾಡು ಸೋರಿಸಿಕೊಂಡ ಮನುಷ್ಯ. ಆದರೆ ನನ್ನ ಹರಕೆಯನ್ನು ನನಗೆ ಹೇಳದೆ ಹಂಚಿಕೊಟ್ಟದ್ದಕ್ಕೆ ಇದು ಉತ್ತರ ಅಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಬಂದೆ. ಸಿಟ್ಟಿನಲ್ಲಿ ಸಾರು ಬಡಿಸಲು ಮರೆತಿದ್ದೆ ಅಂತ ಈಗ ನೆನಪಾಗುತ್ತಿದೆ. ಕೇಳಬಹುದಿತ್ತು, ಬಾಯಿ ಇದೆಯಲ್ಲ.

ಅಕ್ಟೋಬರ್ 1, ಮಂಗಳವಾರ

ಆಶಾಲತಾ ವಾಪಸು ಬಂದಳು. ಸಂಚಿತಾ ಫೋನು ಮಾಡಿ ಕರೆದದ್ದಂತೆ. ನಾನು ತಪ್ಪಾಯಿತು ಅಂತ ಹೇಳಲಿಲ್ಲ. ಹೋಗುವಾಗ ಒಂದು ಕಟ್ಟು ಹಲಸಿನ ಹಪ್ಪಳ ಕೈಗಿಟ್ಟೆ. ಅರ್ಥವಾಗುವವಳಾದರೆ ಆಗಲಿ.

ಅವಳ ಮನೆ ಭಾವನ ಮನೆಯಿಂದ ಎರಡು ಗೇಟು ಆಚೆ. ಕೇಳದೆಯೇ ಸುದ್ದಿ ಸುರಿದಳು. ಹಗಲು ಅವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಟ್ಟಿದ್ದಾಳೆ. ಬೆಳಿಗ್ಗೆ ಯಾರೋ ಬ್ರೆಡ್ ಇಟ್ಟು ಹೋಗುತ್ತಾರೆ, ಸಂಜೆ ಇವರು ಹೋಗುವವರೆಗೆ ಅಷ್ಟೇ. ದಾರಿಯಲ್ಲಿ ಹೋಗುವವರಿಗೆಲ್ಲ ಕಿಟಕಿಯಿಂದ ಊಟ ಆಯಿತಾ ಅಂತ ಕೇಳುತ್ತಾರಂತೆ. ಮಕ್ಕಳು ನಗುತ್ತಾರಂತೆ.

ಹೊಟ್ಟೆಗೆ ಕೊಡದೆ ಕೊಂದವಳು ಅಂತ ಒಂದು ಸಲ ಹೆಸರು ಪಡೆದದ್ದು ಸಾಕು. ಇನ್ನು ಈ ಮನುಷ್ಯ ಹಸಿವಿನಿಂದ ಸತ್ತರೆ ಅದನ್ನೂ ನನ್ನ ಲೆಕ್ಕಕ್ಕೇ ಬರೆಯುತ್ತಾರೆ. ಗಂಜಿ ನುಣ್ಣಗೆ ಬೇಯಿಸಿ, ತೊಂಡೆಕಾಯಿ ಪಲ್ಯ ಹಿಚುಕಿ, ಬುತ್ತಿಯಲ್ಲಿ ಹಾಕಿ ಮಧ್ಯಾಹ್ನವೇ ಹೋದೆ. ಕೈಗೆ ಚಮಚ ಕೊಟ್ಟರೆ ಎಡಗೈಯಲ್ಲಿ ಅರ್ಧ ಚೆಲ್ಲಿದರು. ಕೊನೆಗೆ ಚಮಚ ನಾನೇ ಹಿಡಿಯಬೇಕಾಯಿತು. ನೆಲ ಯಾರು ಒರೆಸುವುದು?

ನಾನು ತುತ್ತು ಕೊಡುವಾಗ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಪಕ್ಷವಾತದವರಿಗೆ ಸುಮ್ಮನೆ ಹಾಗೆ ಬರುತ್ತದೆ ಅಂತ ಸಂಚಿತಾ ಫೋನು ನೋಡಿ ಹೇಳಿದಳು. ಹಾಗೆಯೇ ಇರಬೇಕು.

ಅಕ್ಟೋಬರ್ 8, ಮಂಗಳವಾರ

ಬೆಳ್ಳಿಯ ಕಾಲನ್ನು ಕಪಾಟಿನಿಂದ ತೆಗೆದು ನಾಲ್ಕು ದಿನ ಆಯಿತು. ದಿನಾ ಮುಟ್ಟಿಸುತ್ತಿದ್ದದ್ದನ್ನು ಅರ್ಧಕ್ಕೆ ನಿಲ್ಲಿಸಿದರೆ ದೋಷ ನಿಲ್ಲಿಸಿದವಳಿಗೆ. ಅದು ನನಗೆ ಬೇಡ. ಈಗ ಚೀಲವನ್ನು ನಾನೇ ಹಿಡಿದುಕೊಂಡು ಹೋಗುತ್ತೇನೆ. ಇವರ ಕೈಗೆ ಕೊಟ್ಟರೆ ರಿಕ್ಷಾದಲ್ಲಿ ಬಿಟ್ಟುಬರುತ್ತಾರೆ.

ಉಜ್ಜುವುದನ್ನು ನೋಡಬೇಕು. ಹೋಟೆಲಿನ ಮೇಜು ಒರೆಸಿದ ಹಾಗೆ ಅತ್ತ ಒಂದು, ಇತ್ತ ಒಂದು. ನಾನು ಮುಟ್ಟುವ ಹಾಗಿಲ್ಲ, ಗಂಡನ ಅಣ್ಣ. ಕುರ್ಚಿಯಲ್ಲಿ ಕೂತು ಹೇಳುತ್ತೇನೆ, ಮೇಲಿನಿಂದ ಕೆಳಗೆ, ಹೆಬ್ಬೆರಳು ಒತ್ತಿ, ಮೀನಖಂಡ ಬಿಡಬೇಡಿ ಅಂತ. ತೈಲವೂ ಕಳಪೆ. ಕಂಕನಾಡಿಯಿಂದ ಬೇರೆ ತರಿಸಿದೆ, ಬಿಸಿನೀರಿನಲ್ಲಿ ಬಾಟ್ಲಿ ಇಟ್ಟು ಬೆಚ್ಚಗೆ ಮಾಡಿಕೊಡುತ್ತೇನೆ.

ಮನೆಗೆ ಬಂದು ದಿನಾ ಅದೇ ಕೆಲಸ. ಬಿಸಿನೀರು, ಲಿಕ್ವಿಡ್, ಬ್ರಷ್, ಬನಿಯನ್ ಬಟ್ಟೆ, ಸ್ಪಿರಿಟ್. ಒಳ್ಳೆಯ ತೈಲದ ಜಿಡ್ಡು ಇನ್ನೂ ಹಟದ್ದು. ಎರಡು ನೀರು ಬೇಕು. ಕಳಪೆಯದ್ದೇ ವಾಸಿ ಇತ್ತು, ತೊಳೆಯುವವಳ ದೃಷ್ಟಿಯಿಂದ.

ಅಕ್ಟೋಬರ್ 12, ಶನಿವಾರ

ಭಾವನ ಕಾಲಿನ ಹೆಬ್ಬೆರಳು ಅಲ್ಲಾಡಿತು ಅಂತ ಇವರು ಕುಣಿದಾಡುತ್ತಿದ್ದಾರೆ. ರಾಡು ಹಾಕಿದ ಕಾಲಿನಲ್ಲಿ ಕುಣಿಯುವ ಮನುಷ್ಯ. ನನಗೇನೂ ಕಾಣಲಿಲ್ಲ. ಸೊಳ್ಳೆ ಕಚ್ಚಿರಬೇಕು ಅಂದೆ.

ಅಕ್ಟೋಬರ್ 13, ಭಾನುವಾರ

ಇವತ್ತು ಮೂರು ಗಂಟೆಗೇ ಹೋದೆವು. ಬೆಳಕು ಚೆನ್ನಾಗಿರುತ್ತದೆ ಅಂತ. ಕನ್ನಡಕ ಒರೆಸಿಕೊಂಡು ಹತ್ತಿರ ಕೂತೆ. ಅಲ್ಲಾಡಿತು. ಅಲ್ಲಿ ಸೊಳ್ಳೆ ಇರಲಿಲ್ಲ.

ಅಕ್ಟೋಬರ್ 16, ಬುಧವಾರ

ನಾಳೆ ಒಪ್ಪಿಸುವುದು. ಇವತ್ತು ಮಧ್ಯಾಹ್ನ ಕೊನೆಯ ಸಲ ಮುಟ್ಟಿಸಿ ತಂದು ತೊಳೆಯಲು ಕೂತೆ. ಜಿಡ್ಡು ಪೂರ್ತಿ ಹೋದ ಮೇಲೆ, ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಮುಳುಗಿಸಿದರೆ ಕಪ್ಪು ಬಿಡುತ್ತದೆ ಅಂತ ಸಂಚಿತಾ. ಜಿಡ್ಡು ಸ್ವಲ್ಪ ಉಳಿದರೂ ಅಲ್ಲಿ ಸೋಡಾ ಹಿಡಿಯುವುದಿಲ್ಲವಂತೆ. ಬೆರಳುಗಳ ಸಂದಿಗೆ ಅವಳು ಫೋನಿನ ಟಾರ್ಚ್ ಹಿಡಿದಳು, ನಾನು ತಿಕ್ಕಿದೆ. ಈ ಹುಡುಗಿಗೆ ತಾಳ್ಮೆ ಇದೆ. ಇಲ್ಲಿ ಬರೆದರೆ ಅವಳಿಗೆ ಗೊತ್ತಾಗುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಒರೆಸಿ ಮೂಸಿ ನೋಡಿದೆ. ಒಂದಿಷ್ಟೂ ವಾಸನೆ ಇಲ್ಲ. ಇಷ್ಟು ದಿನ ಅದನ್ನೇ ಹೋಗಿಸಲು ಒದ್ದಾಡಿದವಳಿಗೆ ಖುಷಿಯಾಗಬೇಕಿತ್ತು. ಯಾಕೋ ಬೇಜಾರಾಯಿತು. ನಾಳೆಯಿಂದ ಸಂಜೆ ಏನು ಮಾಡುವುದು ಅಂತ ಇರಬೇಕು.

ಅಕ್ಟೋಬರ್ 17, ಗುರುವಾರ

ತುಲಾ ಸಂಕ್ರಮಣ. ದೇವಸ್ಥಾನದಲ್ಲಿ ನೂಕುನುಗ್ಗಲು. ಸರದಿಯಲ್ಲಿ ನಮ್ಮ ಮುಂದಿದ್ದ ಹೆಂಗಸು ತನ್ನ ಮನೆಯವರೆಲ್ಲರ ನಕ್ಷತ್ರ ಹೇಳಿ, ಮುಗಿಯಿತು ಅನ್ನುವಾಗ ನಾಯಿಯ ಹೆಸರೂ ಹೇಳಿದಳು. ಭಟ್ರು ಅದಕ್ಕೂ ಹೂವು ಹಾಕಿದರು.

ನಮ್ಮ ಸರದಿ ಬಂತು. ಬೆಳ್ಳಿಯ ಕಾ‌ಲನ್ನು ಹರಿವಾಣದಲ್ಲಿ ಇಟ್ಟೆ. ಭಟ್ರು ಎತ್ತಿ ನೋಡಿ, ಒಳ್ಳೆ ಹೊಳಪುಂಟು ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಯಾರ ಹೆಸರಿನಲ್ಲಿ?"

ಇವರು ನನ್ನ ಪಕ್ಕ ಕೈಮುಗಿದು ನಿಂತಿದ್ದರು, ತನ್ನ ಹೆಸರು ಬರುತ್ತದೆ ಅಂತ ತಲೆ ಬಗ್ಗಿಸಿ.

"ಜಯಪಾಲ. ಮೂಲಾ ನಕ್ಷತ್ರ."

ಭಟ್ರು ಹೇಳಿಕೊಂಡು ಹೋದರು. ಭಾವನ ನಕ್ಷತ್ರ ನನಗೆ ಹೇಗೆ ನೆನಪಿತ್ತು ಅಂತ ಇವರಿಗೆ ಆಶ್ಚರ್ಯ. ದಿನಾ ನನ್ನ ಕೈಯಿಂದ ಊಟ ಮಾಡುವಾಗ, ಮೂಲಾ ನಕ್ಷತ್ರದವನು, ತಾಯಿಯನ್ನು ನೋಡಲು ಬರುವುದಿಲ್ಲ ಅಂತ ಅತ್ತೆ ಗೊಣಗದ ಹೊತ್ತೇ ಇರಲಿಲ್ಲ. ಆ ಮಾತು ಕೇಳುತ್ತ ತುತ್ತು ಕೊಟ್ಟವಳಿಗೆ ಮರೆಯುತ್ತದೆಯಾ?

ಹೊರಗೆ ಬಂದ ಮೇಲೆ ಕಾರಿನಲ್ಲಿ ಕೂತು ಇವರು ಮಗುವಿನ ಹಾಗೆ ಅತ್ತರು. ಡ್ರೈವರ್ ನೋಡುತ್ತಾನೆ, ಸುಮ್ಮನಿರಿ ಅಂದೆ. ಇಷ್ಟು ದಿನ ಆ ಕಾಲಿಗೆ ಮುಟ್ಟಿಸಿದ್ದನ್ನು ನಿಮ್ಮ ಕಾಲು ಅಂತ ಕೊಟ್ಟರೆ ದೇವರಿಗೆ ಮೋಸ ಮಾಡಿದ ಹಾಗೆ, ಅದಕ್ಕೆ ಹೇಳಿದ್ದು, ಬೇರೆ ಏನೂ ಇಲ್ಲ ಅಂತಲೂ ಹೇಳಿದೆ. ಅವರು ತಲೆಯಾಡಿಸಿದರು, ನಂಬದವರ ಹಾಗೆ.

ಇವರ ಕಾಲಿನ ಹರಕೆ ಹಾಗೇ ಬಾಕಿ ಉಳಿಯಿತು. ನಾಳೆ ಆಚಾರ್ರಲ್ಲಿ ಹೋಗಿ ಇನ್ನೊಂದಕ್ಕೆ ಹೇಳಬೇಕು. ಇವರದ್ದಕ್ಕೆ ಚಿಕ್ಕದು ಸಾಕು. ನಡೆಯುವ ಕಾಲಿಗೆ ಅಷ್ಟೊಂದು ಬೆಳ್ಳಿ ಯಾಕೆ.